ಡ್ರಿಲ್ ಮಾಸ್ತರರ ಐಕಿಡೋ

ಬಂದದ್ದು ಒಂದು ಪೋಸ್ಟ್ ಕಾರ್ಡು, ಅಷ್ಟೇ. ಆದರೆ ಪೋಸ್ಟ್‌ಮನ್ ಮಂಜಪ್ಪನಿಗೆ ಒಂದು ಚಟವಿತ್ತು. ಲಕೋಟೆಯನ್ನು ಅವನು ದೇವರಾಣೆಗೂ ಬಿಚ್ಚಿ ನೋಡುವವನಲ್ಲ. ಕಾರ್ಡು ಮಾತ್ರ ಕದವಿಲ್ಲದ ಮನೆಯಿದ್ದಂತೆ, ಯಾರು ಇಣುಕಿದರೂ ತಪ್ಪಿಲ್ಲ ಎಂದು ನಂಬಿದ್ದ. ಹೀಗಾಗಿ ಆ ಬುಧವಾರ ಬೆಳಿಗ್ಗೆ ಸಂಶಿಯ ಹೈಸ್ಕೂಲಿನ ಡ್ರಿಲ್ ಮಾಸ್ತರ ಮಡಿವಾಳೆಪ್ಪನ ಕೈಗೆ ಕಾರ್ಡು ಮುಟ್ಟುವ ಹೊತ್ತಿಗೆ, ಅದರೊಳಗಿನ ಸುದ್ದಿ ಚಹಾದಂಗಡಿ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡು ಎಲ್ಲ ಸುತ್ತಿ ದಣಿದು ಬಂದಿತ್ತು.

"ಮಾಸ್ತರ, ಧಾರವಾಡದ ಸಾಹೇಬ್ರು ಇವತ್ತ ನಾಕಕ್ಕ ಬರಾಕತ್ತಾರ್ರಿ. ನಿಮ್ಮ ಐಕೀಡಾ ನೋಡಾಕ."

"ಐಕೀಡಾ ಅಲ್ಲೋ, ಐಕಿಡೋ," ಎಂದು ಮಡಿವಾಳೆಪ್ಪ ರೂಢಿಯಂತೆ ತಿದ್ದಿದ. ಆಮೇಲೆ ಮಾತಿನ ಅರ್ಥ ತಲೆಗೆ ಹತ್ತಿತು. ಕಾರ್ಡು ಕಸಿದುಕೊಂಡ.

"ತಾವು ಅರ್ಜಿಯಲ್ಲಿ ತಿಳಿಸಿರುವಂತೆ, ತಮ್ಮ ಎರಡು ಪಟ್ಟು ತೂಕದ ವ್ಯಕ್ತಿಯನ್ನು ಹೊಡೆಯದೆ ಬಡಿಯದೆ ನೆಲಕ್ಕೆ ಕೆಡವುವ ವಿದ್ಯೆಯನ್ನು ದಿನಾಂಕ ಹದಿನಾಲ್ಕರಂದು ಸಂಜೆ ನಾಲ್ಕು ಗಂಟೆಗೆ ಖುದ್ದಾಗಿ ಪರಿಶೀಲಿಸಲಾಗುವುದು. ಮಾಹಿತಿ ಸುಳ್ಳೆಂದು ಕಂಡುಬಂದಲ್ಲಿ ತಮ್ಮ ಮೇಲೆ ಕ್ರಮ ಜರುಗಿಸಲಾಗುವುದು."

ಕೊನೆಯ ಸಾಲನ್ನು ಅವನು ಎರಡೆರಡು ಸಲ ಓದಿದ.

ತಪ್ಪು ಅವನದೇ. ಇಂಡಿಯಾ ವಿಶ್ವಕಪ್ಪು ಗೆದ್ದ ವರ್ಷ ಅದು. ಆ ಬೇಸಿಗೆಯಲ್ಲಿ ಪುಣೆಯಲ್ಲಿ ಡ್ರಿಲ್ ಮಾಸ್ತರರಿಗಾಗಿ ಒಂದು ಶಿಬಿರ ನಡೆದಿತ್ತು. ಕೊನೆಯ ಮೂರು ದಿನ ಜಪಾನಿನಲ್ಲಿ ಕಲಿತು ಬಂದಿದ್ದ ಒಬ್ಬ ಮುದುಕರು ಐಕಿಡೋ ತೋರಿಸಿದರು. ಜೋಳದ ದಂಟಿನಂಥ ಮನುಷ್ಯ. ಮೈಮೇಲೆ ಏರಿಬಂದ ದಾಂಡಿಗರನ್ನು ಅವರು ತಡೆಯಲೂ ಇಲ್ಲ, ಹೊಡೆಯಲೂ ಇಲ್ಲ. ಬಂದವನ ಜೊತೆಗೇ ಒಂದು ಹೆಜ್ಜೆ ತಿರುಗಿದರು. ಬಂದವನು ತನ್ನ ರಭಸಕ್ಕೆ ತಾನೇ ಚಾಪೆಯ ಮೇಲೆ ಉರುಳಿದ. ಬಿದ್ದವನನ್ನು ಕೈಹಿಡಿದು ಎಬ್ಬಿಸಿ, ತಲೆಬಾಗಿ ನಮಸ್ಕಾರ ಮಾಡಿದರು. ನಲವತ್ತೆಂಟು ಕಿಲೋ ತೂಕದ, ಹುಟ್ಟಿದಂದಿನಿಂದ ಎಲ್ಲರಿಗೂ ದಾರಿ ಬಿಟ್ಟುಕೊಟ್ಟೇ ನಡೆದಿದ್ದ ಮಡಿವಾಳೆಪ್ಪನ ಕಣ್ಣಲ್ಲಿ ನೀರು ನಿಂತಿತ್ತು. ದಾರಿ ಬಿಟ್ಟುಕೊಡುವುದೂ ಒಂದು ವಿದ್ಯೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ಮೂರು ದಿನಗಳಲ್ಲಿ ಒಂದು ದಿನ ಅಲ್ಲಿಯ ಖಾರದ ಮಿಸಳ ತಿಂದು ಹೊಟ್ಟೆ ಕೆಟ್ಟು ಮಲಗಿದ್ದ. ಉಳಿದ ಎರಡು ದಿನಗಳಲ್ಲಿ ಕಲಿತದ್ದು ಒಂದೇ ಪಟ್ಟು: ಮುಂಗೈ ಹಿಡಿದವನನ್ನು ಕೆಡವುವುದು. ಊರಿಗೆ ಬಂದು ಅದನ್ನು ಹೆಂಡತಿ ನೀಲಕ್ಕನ ಮೇಲೆ ಪ್ರಯೋಗಿಸಿದ. ಅವಳು ಬೀಳಲಿಲ್ಲ. "ಏನ ಮಾಡಾಕತ್ತೀರಿ ಇದು?" ಎಂದು ಕೇಳಿ, ಕೈ ಬಿಡಿಸಿಕೊಂಡು ರೊಟ್ಟಿ ಬಡಿಯಲು ಹೋದಳು.

ಆದರೂ ಹುರುಪು ಇಳಿದಿರಲಿಲ್ಲ. ಇಲಾಖೆಗೆ ಆರು ಹಾಳೆಯ ಅರ್ಜಿ ಬರೆದಿದ್ದ. ತಲೆಬರಹ: 'ಐಕಿಡೋದ ಭವಿಷ್ಯ: ಲೋಕಕ್ಕೂ ಆತ್ಮಕ್ಕೂ ಒದಗುವ ವಿದ್ಯೆ.' ಕ್ರಿಕೆಟ್ಟಿಗೆ ಇಪ್ಪತ್ತೆರಡು ಮಂದಿ ಬೇಕು, ಐಕಿಡೋಕ್ಕೆ ಇಬ್ಬರು ಸಾಕು. ಕ್ರಿಕೆಟ್ಟಿನಲ್ಲಿ ಒಬ್ಬರು ಸೋಲಲೇಬೇಕು, ಇದರಲ್ಲಿ ವೈರಿಯೂ ಗೆಳೆಯನಾಗುತ್ತಾನೆ. ಆದ್ದರಿಂದ ನಮ್ಮ ಶಾಲೆಗೆ ಹನ್ನೆರಡು ದಪ್ಪ ಚಾಪೆ ಮಂಜೂರು ಮಾಡಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಬರೆಯುವ ಕೈ ಕಾವೇರಿತ್ತು. 'ಸದರಿ ವಿದ್ಯೆಯಿಂದ ನನ್ನ ಎರಡು ಪಟ್ಟು ತೂಕದವರನ್ನೂ ಕೆಡವಬಲ್ಲೆ' ಎಂದು ಸೇರಿಸಿಬಿಟ್ಟಿದ್ದ.

"ಎರಡ ಪಟ್ಟ ತೂಕದಾಂವ ಎಲ್ಲಿ ಸಿಗತಾನೋ ಮಂಜಪ್ಪ, ಅದೂ ಇವತ್ತ?" ಎಂದ ಮಡಿವಾಳೆಪ್ಪ, ತಪ್ಪಿಸಿಕೊಳ್ಳಲು ಕಿಂಡಿಯೊಂದು ಕಂಡಂತಾಗಿ.

"ಅದರ ಚಿಂತಿ ಬಿಡ್ರಿ. ಇಸ್ಮಾಯಿಲಸಾಬಗ ಹೇಳೇ ಬಂದೀನಿ."

ಇಸ್ಮಾಯಿಲಸಾಬ ಎಂದರೆ ಗರಡಿಮನೆಯ ಪೈಲ್ವಾನ. ನೂರಾಹತ್ತು ಕಿಲೋ. ಎತ್ತಿನ ಗಾಡಿಯ ಹಿಂದೆ ಅವನು ಕುಳಿತರೆ ಮುಂದೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತಿತ್ತು.

"ಏನಂದಾ ಅವಾ?"

"ಏನೂ ಅನ್ನಲಿಲ್ರಿ. ನಕ್ಕಾ."

ಬೈದಿದ್ದರೂ ಮಡಿವಾಳೆಪ್ಪನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಕಸ್ತೂರೆವ್ವ ಇದನ್ನೆಲ್ಲ ಕೇಳಿಸಿಕೊಂಡು ಕುಸುಬಿ ಎಣ್ಣೆಯ ಬಟ್ಟಲು ಹಿಡಿದೇ ಬಂದಳು. "ಯಪ್ಪಾ ಮಡಿವಾಳಾ, ಎಲಬು ಮುರದ ಮ್ಯಾಲೆ ಎಣ್ಣಿ ಹಚ್ಚೂದಕಿಂತ ಮೊದಲ ಹಚ್ಚೂದು ಚಲೋ. ಕೈ ಚಾಚು."

"ಬ್ಯಾಡ ಬೇ ಯವ್ವಾ, ಸಾಲಿಗೆ ಹೊತ್ತಾತು."

"ಕೈ ಚಾಚಂದ್ನಿ!"

ಎಂದೂ ಯಾರಿಗೂ ಎದುರಾಡದ ಮಡಿವಾಳೆಪ್ಪ ಕೈ ಚಾಚಿದ. ಮುದುಕಿ ಹೆಗಲಿನಿಂದ ಬೆರಳ ತುದಿಯವರೆಗೆ ತಿಕ್ಕಿ ತಿಕ್ಕಿ, ಎರಡೂ ಕೈಗಳನ್ನು ಹೊಸ ಬಾಗಿಲಿನಂತೆ ಮಿರಮಿರ ಮಿಂಚಿಸಿ ಕಳಿಸಿದಳು.

ಶಾಲೆಯಲ್ಲಿ ಹೆಡ್ ಮಾಸ್ತರ ಕುಬೇರಪ್ಪನವರು ಕಾಯುತ್ತಲೇ ಇದ್ದರು. "ಸಾಹೇಬ್ರ ಮುಂದ ಸಾಲಿ ಮಾನ ಹೋಗಬಾರದ್ರಿ. ಮೊದಲ ನನ್ನ ಮ್ಯಾಲೆ ಮಾಡಿ ತೋರಸ್ರಿ ನೋಡೂಣು," ಎಂದವರೇ ಅವನ ಮುಂಗೈ ಹಿಡಿದು ಜೋರಾಗಿ ಎಳೆದರು. ಎಣ್ಣೆಯ ಕೈ ಮೀನಿನಂತೆ ಜಾರಿತು. ಎಳೆದ ರಭಸಕ್ಕೆ ಕುಬೇರಪ್ಪನವರು ಹಿಂದಕ್ಕೆ ತತ್ತರಿಸಿ, ಗೋಡೆಯ ಹಳೆಯ ನಕಾಶೆಯನ್ನು ಎಳೆದುಕೊಂಡು, ಕಸದ ಬುಟ್ಟಿಯೊಳಗೆ ಅಚ್ಚುಕಟ್ಟಾಗಿ ಕುಳಿತರು. ಮೈಮೇಲೆ ಇಡೀ ಮೈಸೂರು ರಾಜ್ಯ.

ಮಡಿವಾಳೆಪ್ಪ ಎಬ್ಬಿಸಲು ಓಡಿದ. ಆದರೆ ನಕಾಶೆಯ ಹಿಂದಿನಿಂದ ಕೇಳಿಬಂದ ದನಿಯಲ್ಲಿ ಸಿಟ್ಟಿರಲಿಲ್ಲ. "ಭೇಷ್! ನೀವು ಮುಟ್ಟಲೂ ಇಲ್ಲಲ್ರೀ!"

"ಸರ, ಅದು ಎಣ್ಣಿ..."

"ವಿನಯ ಸಾಕ್ರಿ!"

ಬುಟ್ಟಿಯಿಂದ ಎದ್ದವರೇ ಶಾಲೆಯ ಸಿಪಾಯಿಯನ್ನು ಊರೊಳಗೆ ಅಟ್ಟಿದರು. ಮೂರಕ್ಕೆ ಶಾಲೆ ಬಿಡುವುದು, ಹಿರಿಯರಿಗೆ ಕುರ್ಚಿ, ಹೆಣ್ಣುಮಕ್ಕಳಿಗೆ ಜಮಖಾನೆ. ಮಡಿವಾಳೆಪ್ಪ ಕೈ ತೊಳೆದುಕೊಂಡು ಬರುವಷ್ಟರಲ್ಲಿ, ಹೆಡ್ ಮಾಸ್ತರರನ್ನು ಕಣ್ಣಿನಿಂದಲೇ ನೋಡಿ ಒಗೆದರಂತೆ ಎಂಬ ಸುದ್ದಿ ಗರಡಿಮನೆ ಮುಟ್ಟಿತ್ತು.

ಇನ್ನುಳಿದದ್ದು ಒಂದೇ ದಾರಿ. ಮಧ್ಯಾಹ್ನದ ಬಿಡುವಿನಲ್ಲಿ ಅವನು ಗರಡಿಮನೆಗೆ ಹೋದ. ಇಸ್ಮಾಯಿಲಸಾಬ ರುಮಾಲು ಬಿಗಿದುಕೊಂಡು ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸುತ್ತಿದ್ದ. ಮಾಸ್ತರನನ್ನು ಕಂಡು ಕಲ್ಲು ಕೆಳಗಿಟ್ಟ. ನೆಲ ನಡುಗಿತು, ಮಡಿವಾಳೆಪ್ಪನೂ.

"ಬರ್ರಿ ಮಾಸ್ತರ. ಹೆಡ್ ಮಾಸ್ತರ್ನ ಮುಟ್ಟದ ಒಗದ್ರಂತಲ್ಲ?"

"ಇಸ್ಮಾಯಿಲಣ್ಣಾ, ಐಕಿಡೋ ಅಂದ್ರ ಜಗಳಲ್ಲಪಾ. ಅದು ಹೊಂದಾಣಿಕಿ. ಅಂದ್ರ, ಇಬ್ಬರೂ ಮೊದಲ ಸ್ವಲ್ಪ ಮಾತಾಡಿಕೊಂಡು..."

ಇಸ್ಮಾಯಿಲಸಾಬ ಕೈಮುಗಿದ. "ನನ್ನ ಬೆನ್ನಿಗೆ ಮಣ್ಣ ಹತ್ತಿ ಹನ್ನೊಂದು ವರ್ಷ ಆತ್ರಿ. ನಿಮ್ಮಂಥಾವ್ರ ಕೈಲೆ ಹತ್ತೂದಿದ್ರ ಅದು ನನ್ನ ನಸೀಬು. ನಾ ಮಾತ್ರ ಪೂರಾ ತಾಕತ್ ಹಚ್ಚಾಂವ ನೋಡ್ರಿ. ಕಡಿಮಿ ಹಚ್ಚಿದ್ರ ನಿಮ್ಮ ವಿದ್ಯೆಗೆ ಅವಮಾನ ಅಲ್ಲೇನು?"

ಇಷ್ಟು ಮರ್ಯಾದೆ ಕೊಡುವವನ ಮುಂದೆ ಏನು ಕೇಳುವುದು? ಮಡಿವಾಳೆಪ್ಪ ತಾನೂ ಕೈಮುಗಿದು ಮನೆಗೆ ಬಂದ. ತಾಟಿನ ಮುಂದೆ ಕುಳಿತವನೇ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಎಲ್ಲವನ್ನೂ ಹೆಂಡತಿಯ ಮುಂದೆ ಹೇಳಿಬಿಟ್ಟ.

"ಅರ್ಜಿಯೊಳಗ ಹಂಗ ಯಾಕ ಬರದ್ರಿ?" ಎಂದಳು ನೀಲಕ್ಕ.

"ಬರೀವಾಗ ಖರೇನ ಅನಿಸಿತ್ತು."

ಅವಳು ಗಂಡನ ಮುಂದಿನ ತಾಟು ಮುಚ್ಚಿಟ್ಟಳು. ಆಮೇಲೆ ಜೋಳದ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು, "ಗಿರಣಿಗೆ ಹೋಗಿ ಬರತೀನ್ರಿ," ಎಂದು ಹೊರಟೇಬಿಟ್ಟಳು. ಗಂಡನ ಎಲುಬು ಎಣಿಸುವ ಹೊತ್ತಿನಲ್ಲಿ ಇವಳಿಗೆ ಹಿಟ್ಟಿನ ಚಿಂತೆ! ಮಡಿವಾಳೆಪ್ಪನಿಗೆ ತಾನು ಲೋಕದಲ್ಲಿ ಒಬ್ಬಂಟಿ ಎನಿಸಿತು.

ಕುಳಿತು ಯೋಚಿಸಿದ. ಕೊನೆಗೆ ಒಂದು ನಿರ್ಧಾರಕ್ಕೆ ಬಂದ. ಪೈಲ್ವಾನ ಮುಂಗೈ ಮುಟ್ಟಿದ್ದೇ ತಡ, ತಾನೇ ನೆಲಕ್ಕೆ ಬಿದ್ದುಬಿಡುವುದು. ಬಿದ್ದವನನ್ನು ಇಸ್ಮಾಯಿಲಸಾಬ ಎತ್ತಿ ಒಗೆಯಲಾರ. ಇಲಾಖೆ ಕ್ರಮ ಜರುಗಿಸಲಿ, ಚಾಪೆ ಬರದಿರಲಿ, ಎಲುಬುಗಳು ಇದ್ದಲ್ಲೇ ಇದ್ದರೆ ಸಾಕು. ಪುಣೆಯ ಆ ಮುದುಕರ ನೆನಪಾಗಿ ಮುಖ ಬಿಸಿಯಾಯಿತು. ಆದರೆ ಅವರು ಇಸ್ಮಾಯಿಲಸಾಬನನ್ನು ನೋಡಿರಲಿಲ್ಲವಲ್ಲ.

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಇಳಿದವರು ಹುಲಮನಿ ಸಾಹೇಬರು: ಖಾದಿ ಅಂಗಿ, ಹಣೆಯಲ್ಲಿ ವಿಭೂತಿ, ಮಾತಾಡುವಾಗ ಕಣ್ಣು ಮುಚ್ಚುವ ಅಭ್ಯಾಸ. ಮೈದಾನದಲ್ಲಿ ಸುಣ್ಣದ ಗೆರೆಯ ಸುತ್ತ ಅರ್ಧ ಸಂಶಿ ನೆರೆದಿತ್ತು. ಕಸ್ತೂರೆವ್ವ ಎಣ್ಣೆಯ ಬಟ್ಟಲಿನೊಂದಿಗೆ ಎಲ್ಲರಿಗಿಂತ ಮುಂದೆ ಕುಳಿತಿದ್ದಳು. ನೀಲಕ್ಕ ಹೆಂಗಸರ ಮಧ್ಯೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

ಮಡಿವಾಳೆಪ್ಪ ತಲೆಬಾಗಿ ನಮಸ್ಕರಿಸಿದ. ಇಸ್ಮಾಯಿಲಸಾಬನೂ ಬಾಗಿದ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ಅವನ ಮುಂಗೈಯನ್ನು ಗಪ್ಪನೆ ಹಿಡಿದ.

'ಶಿವನೇ' ಎಂದು ಮಡಿವಾಳೆಪ್ಪ ಕಣ್ಣು ಮುಚ್ಚಿ ಮೊಣಕಾಲು ಸಡಿಲು ಬಿಟ್ಟ. ಅದೇ ಕ್ಷಣಕ್ಕೆ "ಯಾ ಅಲ್ಲಾ!" ಎಂಬ ಕೂಗಿನೊಂದಿಗೆ ಹತ್ತು ಚೀಲ ಶೇಂಗಾ ಒಮ್ಮೆಗೇ ಉರುಳಿದ ಸದ್ದಾಯಿತು. ಧೂಳೆದ್ದಿತು. ಮಡಿವಾಳೆಪ್ಪ ಕಣ್ಣು ತೆರೆದರೆ ಮೇಲೆ ಆಕಾಶ, ಬಾಜುವಿನಲ್ಲಿ ಅಂಗಾತ ಬಿದ್ದ ಇಸ್ಮಾಯಿಲಸಾಬ.

"ನೀವ್ಯಾಕ ಬಿದ್ರಿ ಮಾಸ್ತರ?" ಪೈಲ್ವಾನನ ಪಿಸುದನಿಯಲ್ಲಿ ಗಾಬರಿಯಿತ್ತು.

"ನೀ ಯಾಕ ಬಿದ್ದಿ?"

"ನೀಲಕ್ಕಾರು ಮಧ್ಯಾಹ್ನ ಮನಿಗೆ ಬಂದು ನಮ್ಮವ್ವನ ಮುಂದ ಅತ್ರು. ನೀ ಬೀಳಲಿಲ್ಲಂದ್ರ ನನ್ನ ಕೈಯಾಗಿನ ರೊಟ್ಟಿ ತಿನಬ್ಯಾಡ ಅಂತ ಅವ್ವ ಆಣಿ ಹಾಕಿದ್ಲು. ಹನ್ನೊಂದು ವರ್ಷದ ಬೆನ್ನರೀ ಇದು! ನಿಮಗ ಅಂತ ಮಣ್ಣಿಗೆ ಹಚ್ಚಿದ್ರ, ನೀವ ಬೀಳೂದೇನು?"

"ನನಗೇನ ಗೊತ್ತಪಾ!"

"ಈಗೇನ ಮಾಡೂಣು?"

"ಸ್ವಲ್ಪ ಸುಮ್ಮ ಮಲ್ಕೊ."

ಆದರೆ ಮಲಗಿದಷ್ಟೂ ಜನ ಗುಜುಗುಜು ಎನ್ನತೊಡಗಿದರು. ಬೇರೇನೂ ತೋಚದೆ ಮಡಿವಾಳೆಪ್ಪ ಎದ್ದ; ಪುಣೆಯಲ್ಲಿ ಕಂಡಿದ್ದಂತೆ ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಿದ. ಎಬ್ಬಿಸಿದ ಎನ್ನುವುದಕ್ಕಿಂತ, ಪೈಲ್ವಾನ ತಾನೇ ಎದ್ದು ಅವನನ್ನೂ ಕೆಳಗೆ ಬೀಳದಂತೆ ಹಿಡಿದುಕೊಂಡ. ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿದರು.

ಹುಲಮನಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತಿದ್ದರು. ಅವರ ಕಣ್ಣುಗಳು ಒದ್ದೆಯಾಗಿದ್ದವು.

"ಇಪ್ಪತ್ತಾರು ವರ್ಷದ ನೌಕರಿಯೊಳಗ ಕುಸ್ತಿ ನೋಡೀನಿ, ಕಬಡ್ಡಿ ನೋಡೀನಿ," ಎಂದರು. "ಎದುರಿನವ ಒಬ್ಬನೇ ಬೀಳಬಾರದಂತ ತಾನೂ ಜೊತಿಗೆ ಬಿದ್ದಾಂವನ್ನ ಇವತ್ತ ನೋಡಿದೆ. ಗೆದ್ದವ್ರಿಲ್ಲ, ಸೋತವ್ರಿಲ್ಲ. ಇದು ಬರೇ ಆಟ ಅಲ್ರೀ, ಅನುಭಾವ! ಐಕಿಡೋಕ್ಕ ಭವಿಷ್ಯ ಐತಿ!"

ಸಂಶಿಯವರಿಗೆ ಅರ್ಥವಾಯಿತೋ ಇಲ್ಲವೋ, ಸಾಹೇಬರೇ ಹೇಳಿದ ಮೇಲೆ ಚಪ್ಪಾಳೆ ಗಿಡದ ಮೇಲಿನ ಹಕ್ಕಿಗಳನ್ನೆಬ್ಬಿಸಿತು. ಬೆಳಗಿನಿಂದ ಮೊದಲ ಸಲ ಮಡಿವಾಳೆಪ್ಪ ಪೂರ್ತಿ ಉಸಿರು ಬಿಟ್ಟ. ದೂರದಲ್ಲಿ ನೀಲಕ್ಕ ಸೆರಗಿನ ಹಿಂದೆ ನಗುತ್ತಿದ್ದಳು. ಅವಳು ಒಯ್ದಿದ್ದ ಜೋಳ ಗಿರಣಿಯನ್ನು ಮುಟ್ಟಿಯೇ ಇರಲಿಲ್ಲ ಎಂಬುದು ಅವನಿಗೆ ಈಗ ಹೊಳೆಯಿತು.

ಹೆಡ್ ಮಾಸ್ತರರ ಕೋಣೆಯಲ್ಲಿ ಚಹಾ ಬಂತು. ಮಡಿವಾಳೆಪ್ಪ ಧೈರ್ಯ ಮಾಡಿ ಕೇಳಿದ. "ಸರ, ಆ ಹನ್ನೆರಡು ಚಾಪಿ..."

"ನಿಮಗ ಚಾಪಿ ಯಾಕ್ರಿ? ಬರೇ ನೆಲದ ಮ್ಯಾಲೆ ಹೂವಿನಂಗ ಬಿದ್ರಲ್ಲ," ಎಂದ ಸಾಹೇಬರು, ಚೀಲದಿಂದ ಒಂದು ಹಾಳೆ ತೆಗೆದು ಬರೆಯತೊಡಗಿದರು. "ಕಳಘಟಗಿ ಆಚೆ ಕೋಲಿನಕೊಪ್ಪ ಅಂತ ಒಂದು ಊರೈತಿ. ಎರಡು ಪಾರ್ಟಿ. ದಿನಾ ಬಡಿಗಿ, ಕಲ್ಲು ಹಿಡದು ಹೊಡದಾಟ. ಅಲ್ಲಿ ಸಾಲಿಯೊಳಗ ಮೂರು ಮಂದಿ ಮಾಸ್ತರ್ರು ನಿಲ್ಲಲಿಲ್ಲ. ಕಡೇದಾಂವ ಚಪ್ಪಲಿ ಬಿಟ್ಟು ಕಿಡಕಿಯೊಳಗಿಂದ ಹೋದಾ. ಪೊಲೀಸರನ್ನ ಕಳಿಸಿದ್ರ ಜಗಳ ಹೆಚ್ಚ ಆಗತೈತಿ. ಹೊಡೀದ ಬಡೀದ ಎರಡೂ ಕಡೆಯವ್ರನ್ನ ನೆಲಕ್ಕ ಹಾಕಿ, ಮತ್ತ ಕೈಹಿಡದು ಎಬ್ಬಸಾಂವ ಒಬ್ಬ ಬೇಕಾಗಿದ್ದ. ಆರು ತಿಂಗಳಿಂದ ಹುಡುಕಾಕತ್ತಿದ್ದೆ." ಸಹಿ ಮಾಡಿ ಹಾಳೆಯನ್ನು ಅವನ ಕೈಗಿತ್ತರು. "ಸೋಮವಾರ ಅಲ್ಲಿ ಹಾಜರಾಗ್ರಿ."

ಮಡಿವಾಳೆಪ್ಪ ಹೊರಗೆ ಬಂದಾಗ ಇಸ್ಮಾಯಿಲಸಾಬ ಅಂಗಳದಲ್ಲಿ ಬೆನ್ನಿನ ಧೂಳು ಝಾಡಿಸಿಕೊಳ್ಳುತ್ತಿದ್ದ. ಮಡಿವಾಳೆಪ್ಪ ಓಡಿಹೋಗಿ ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ.

"ಇಸ್ಮಾಯಿಲಣ್ಣಾ, ನೀನೂ ನನ್ನ ಜೊತಿ ಬಾ. ನನ್ನ ಶಿಷ್ಯ ಅಂತ ಹೇಳತೀನಿ. ಬಾಜು ನಿಂತರ ಸಾಕಪಾ."

"ಎಲ್ಲಿಗ್ರಿ?"

"ಕೋಲಿನಕೊಪ್ಪಕ್ಕ."

ನೂರಾಹತ್ತು ಕಿಲೋ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಇಸ್ಮಾಯಿಲಸಾಬ ರುಮಾಲು ಬಿಚ್ಚಿದ. ನಡುನೆತ್ತಿಯಿಂದ ಕಿವಿಯವರೆಗೆ ಗೋಣಿಚೀಲದ ಹೊಲಿಗೆಯಂಥ ಗಾಯದ ಗುರುತು ಇತ್ತು.

"ಹೋದ ವರ್ಷ ಅಲ್ಲಿ ಕುಸ್ತಿಗೆ ಹೋಗಿದ್ದೆರಿ."

"ಸೋತಿ?" ಎಂದ ಮಡಿವಾಳೆಪ್ಪ.

"ಇಲ್ರಿ, ಗೆದ್ದೆ," ಎಂದು ಪೈಲ್ವಾನ ಮತ್ತೆ ರುಮಾಲು ಸುತ್ತಿಕೊಂಡ. "ಆಮ್ಯಾಲೆ ಬಸ್ ಸ್ಟ್ಯಾಂಡಿನ ತನಕ ನಡಕೊಂಡು ಬರಬೇಕಾತಲ್ಲ."