ಕ್ವೇಸಾರಿನ ಪಕ್ಕದಲ್ಲಿ ಎಂತ ಇದ್ದು?

ಜಗತ್ತಿನಲ್ಲಿ ಯಾವುದನ್ನೂ ನೇರವಾಗಿ ನೋಡದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ! ಮೆಳ್ಳೆಗಣ್ಣಲ್ಲ. ಯಲ್ಲಾಪುರದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು. ಈ ಚಟ ಹತ್ತಿದ್ದು ಕ್ವೇಸಾರುಗಳಿಂದ.

ನೂರಾರು ಕೋಟಿ ಜ್ಯೋತಿರ್ವರ್ಷ ಆಚೆ ಒಂದು ಕಪ್ಪುಕುಳಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಸುತ್ತ ಸುಳಿಯುವ ಅನಿಲ ಕಾದು ಧಗಧಗ ಹೊಳೆಯುತ್ತದೆ. ಅದೇ ಕ್ವೇಸಾರ್. ಆ ಬೆಳಕಿನ ಪಕ್ಕದಲ್ಲೇ ಮಂಕಾದ ಸಂಗಾತಿ ಗೆಲಾಕ್ಸಿಗಳು ಅಡಗಿರುತ್ತವಂತೆ, ಕೆಲವುಗಳ ಹೊಟ್ಟೆಯಲ್ಲೂ ಒಂದು ಹಸಿದ ಕಪ್ಪುಕುಳಿ! ಇದನ್ನು ಓದಿದಂದಿನಿಂದ ಮಾವನಿಗೆ ನೆಮ್ಮದಿಯಿಲ್ಲ.

"ಹೊಳೆಯೋದನ್ನ ಎಲ್ರೂ ನೋಡ್ತ. ಪಕ್ಕದಲ್ಲಿ ಎಂತ ಇದ್ದು ನೋಡು."

ಮಾಗೋಡಿನಲ್ಲಿ ನಾವು ಜಲಪಾತ ನೋಡಿದರೆ ಅವರು ಪಕ್ಕದ ಬಂಡೆಯಲ್ಲಿ ಜಿನುಗುವ ನೀರೆಳೆ ಹುಡುಕಿದರು. ಫೋಟೋದಲ್ಲಿ ಅವರ ಬೆನ್ನಷ್ಟೇ ಇದೆ. ಒಂದು ಮದುವೆಯಲ್ಲಿ ವಧೂವರರನ್ನು ಬಿಟ್ಟು ಪಕ್ಕ ನಿಂತವರನ್ನೇ ದಿಟ್ಟಿಸುತ್ತಿದ್ದರಂತೆ. ಹೆಣ್ಣು ಹುಡುಕುತ್ತಿದ್ದಾರೆಂದು ಯಾರೋ ಅಜ್ಜಿ ಮೊಮ್ಮಗಳ ಜಾತಕವನ್ನೇ ಕೈಗಿತ್ತರು! ಇದು ನಡೆದದ್ದು ಬೇರೆ ಯಾರಿಗೋ ಇರಬಹುದು. ನನ್ನ ನೆನಪು ಸಿಕ್ಕಿದ್ದನ್ನೆಲ್ಲ ಮಾವನ ಮೇಲೆ ಹೇರುತ್ತದೆ.

ಶಕುನವೆಂದರೆ ಮಾತ್ರ ಅವರಿಗಾಗದು. ಹೊರಡುವಾಗ ಒಂಟಿ ಸೀನು ಬಂದರೆ ನಮ್ಮಲ್ಲಿ ಕೂತುಬಿಡುತ್ತಾರೆ, ಇನ್ನೊಂದು ಸೀನು ಬಂದ ಮೇಲೇ ಏಳುವುದು. "ಮೂಗಿಗೆ ಎಂತ ಗೊತ್ತಿದ್ದು?" ಎಂದು ಮಾವ ಹೊಸ್ತಿಲು ದಾಟಿ ನಡೆಯುತ್ತಿದ್ದರು.

ಹೋದ ತಿಂಗಳು ಅತ್ತೆಯ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತು. ಡಾಕ್ಟರು ಅದನ್ನು ಪರದೆಯ ಮೇಲೆ ತೋರಿಸಿದರೆ ಮಾವ, ಅದರ ಪಕ್ಕದಲ್ಲಿ ಏನಿದೆ ಎಂದು ಮೂರು ಸಲ ಕೇಳಿದರು. ಏನೂ ಇಲ್ಲವೆಂದರೂ ನಂಬಲಿಲ್ಲ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಮನೆಯಲ್ಲಿ ಕ್ವೇಸಾರಿನ ಸುದ್ದಿಯೇ ನಿಂತಿತು.

ಇವತ್ತು ಬೆಳಿಗ್ಗೆ ವರದಿ ತರಲು ಶಿರಸಿಗೆ ಹೊರಟೆವು. ಹೊಸ್ತಿಲಲ್ಲಿ ಅತ್ತೆ ಸೀನಿದರು. ಒಂದೇ ಸೀನು. ಕಾದೆವು, ಎರಡನೆಯದು ಬರಲೇ ಇಲ್ಲ. ಬಸ್ಸಿನ ಹೊತ್ತಾಗಿತ್ತು. ಆಗಲೇ ಅಂಗಳಕ್ಕಿಳಿದಿದ್ದ ಮಾವ ಚಪ್ಪಲಿ ಬಿಟ್ಟು ಒಳಬಂದು ಕೂತರು. ಟವೆಲ್ಲಿನ ತುದಿ ಹೊಸೆದು ಮೂಗಿಗೆ ತುರುಕಿಕೊಂಡರು. ಪ್ರಯೋಜನವಾಗಲಿಲ್ಲ. ಕೊನೆಗೆ, ಪಾಠ ಒಪ್ಪಿಸುವವರಂತೆ, ಬಾಯಲ್ಲೇ "ಅಕ್ಷಿ" ಎಂದರು.

ಅತ್ತೆಗೆ ನಗು ತಡೆಯಲಿಲ್ಲ. "ಸುಳ್ಳು ಸೀನಲೂ ಬತ್ತಿಲ್ಲೆ ನಿಂಗಕ್ಕೆ."

"ನಿಂದು ಒಂಟಿ ಆಗಿತ್ತು," ಎಂದರು ಮಾವ. "ಪಕ್ಕಕ್ಕೆ ಒಂದು ಇರಲಿ ಹೇಳಿ ಸೀನಿದ್ದು."

ಇದನ್ನು ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಮಂಚೀಕೇರಿ ದಾಟಿತು. ಬೆಳಿಗ್ಗೆ ನಡೆದದ್ದನ್ನು ತಿದ್ದಲು ನನ್ನ ನೆನಪಿಗೆ ಇನ್ನೂ ಪುರುಸೊತ್ತು ಸಿಕ್ಕಿಲ್ಲ. ವರದಿಯಲ್ಲಿ ಏನಿದೆಯೋ ಗೊತ್ತಿಲ್ಲ. ಮುಂದಿನ ಸೀಟಿನಲ್ಲಿ ಮಾವ ಅತ್ತೆಯ ಮುಖ ನೋಡುತ್ತಿದ್ದಾರೆ, ನೇರವಾಗಿ.