ನಮ್ಮ ಗುಂಡಿಗೆ ಕರೆದ ಗಾಡಿ ಹಿರೇಕೆರೂರಿಗೆ ಹೋದದ್ದು

ನನ್ನ ಹೆಸರು ಶಾಂತಾ. ಹೆಸರಿಟ್ಟ ಅಜ್ಜಿ ನಾನು ತೊಟ್ಟಿಲಲ್ಲಿ ನಿದ್ದೆ ಹೋಗಿದ್ದಾಗ ನನ್ನನ್ನು ನೋಡಿರಬೇಕು. ಎಚ್ಚರವಿದ್ದಾಗ ನಾನು ಶಾಂತವಾಗಿದ್ದದ್ದನ್ನು ಕಂಡವರು ಹಾನಗಲ್ಲಿನಲ್ಲಿ ಯಾರೂ ಇಲ್ಲ. ಕುಕ್ಕರು ಸೀಟಿ ಹೊಡೆಯುವ ಮೊದಲೇ ಅದರ ಎದುರು ಹೋಗಿ ನಿಲ್ಲುತ್ತೇನೆ. ಬಸ್ಸು ಬರುವ ದಿಕ್ಕಿಗೆ ಸ್ವಲ್ಪ ದೂರ ನಡೆದುಹೋದರೆ ಅದು ಬೇಗ ಬರುತ್ತದೆ ಎಂಬ ನಂಬಿಕೆ ನನಗೆ ಇಂದಿಗೂ ಇದೆ. ಹಾಗೆ ನಡೆದುಹೋಗಿ ನಿಲ್ದಾಣವಲ್ಲದ ಕಡೆ ನಿಂತು ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇನೆ. ನನ್ನ ಯಜಮಾನರು ಇನ್ನೊಂದು ತುದಿ. ಮೋಟಾರು ರಿವೈಂಡಿಂಗ್ ಅಂಗಡಿ ಅವರದು. ತಾಮ್ರದ ತಂತಿ ಸುತ್ತಿ ಸುತ್ತಿ ಅವರಿಗೆ ಯಾವುದೂ ಅವಸರದ್ದಾಗಿ ಕಾಣುವುದಿಲ್ಲ. ಸವಣೂರಿನ ವೀಳ್ಯದೆಲೆ ಬಾಯಿಗೆ ಹಾಕಿಕೊಂಡರೆಂದರೆ, ಅದು ಮುಗಿಯುವ ತನಕ ಮನೆಗೆ ಬೆಂಕಿ ಬಿದ್ದರೂ ಕೈಸನ್ನೆಯಲ್ಲಿಯೇ ವಿಚಾರಿಸುತ್ತಾರೆ.

ಊರಿನ ಪುರಸಭೆಯಲ್ಲಿ ಕೆಲಸಕ್ಕಿದ್ದ ಇಂಥ ನನ್ನನ್ನು ತಂದು ಕೂಡಿಸಿದ್ದು ನಕಾಶೆಯ ಮುಂದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರಿನ ಆಡಳಿತದವರು ಕೂಡಿ ಕಂಪ್ಯೂಟರಿನಲ್ಲಿ ಒಂದೇ ನಕಾಶೆ ಮಾಡಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಕಾಗದದ ಮೇಲೆ ಅದರ ಹೆಸರು ಭೌಗೋಳಿಕ ಮಾಹಿತಿ ವ್ಯವಸ್ಥೆ. ಅಷ್ಟು ಹೇಳುವ ಹೊತ್ತಿಗೆ ಚಹಾ ಆರುವುದರಿಂದ ನಾವೆಲ್ಲ ‘ನಕಾಶಿ’ ಎಂದೇ ಕರೆಯುತ್ತೇವೆ. ನಾಲ್ಕೂ ಊರಿನ ರಸ್ತೆ, ನೀರಿನ ಪೈಪು, ಬೀದಿದೀಪ, ಗಟಾರ ಎಲ್ಲವೂ ಒಂದೇ ತೆರೆಯ ಮೇಲೆ. ಒಂದು ಊರು ಒಂಟಿಯಾಗಿ ಕೊಳ್ಳಲಾಗದ ಯಂತ್ರವನ್ನು ನಾಲ್ಕೂ ಊರು ಕೂಡಿ ಇಟ್ಟುಕೊಂಡು, ನಕಾಶೆ ನೋಡಿ ಬೇಕಾದ ಕಡೆ ಕಳಿಸುವುದು. ಹಾಗೆ ಮೊದಲು ಬಂದದ್ದು ಶೌಚದ ಗುಂಡಿ ಬರಿದು ಮಾಡುವ ಸಕ್ಕಿಂಗ್ ಗಾಡಿ. ಅದನ್ನು ಎಲ್ಲಿಗೆ ಕಳಿಸಬೇಕೆಂದು ತೆರೆಯ ಮೇಲೆ ಗುರುತು ಹಾಕುವ ಕೆಲಸ ನನ್ನದು.

ಈ ನಕಾಶೆಗಾಗಿ ನಡೆದ ಸಭೆಗಳನ್ನು ನೆನೆದರೆ ಈಗಲೂ ಕಾಲು ತಾನಾಗಿ ಅಲುಗುತ್ತದೆ. ಗಟಾರಕ್ಕೆ ಯಾವ ಬಣ್ಣ ಹಚ್ಚಬೇಕು ಎಂಬುದರ ಮೇಲೆಯೇ ಒಂದು ಇಡೀ ಮಧ್ಯಾಹ್ನ ಹೋಯಿತು. ನೀಲಿ ಹಚ್ಚಿದರೆ ಊರ ತುಂಬ ಹೊಳೆ ಹರಿದಂತೆ ಕಾಣುತ್ತದೆ ಎಂದರು. ಕಪ್ಪು ಹಚ್ಚಿದರೆ ಇದ್ದದ್ದು ಇದ್ದ ಹಾಗೆ ಕಾಣುತ್ತದೆ ಎಂದು ಅದನ್ನೂ ಬಿಟ್ಟರು. ಕೊನೆಗೆ ಬಂದದ್ದು ಬಡಾವಣೆಗಳ ಹೆಸರು. ಹಿರೇಕೆರೂರಿನ ಕಡೆಯಿಂದ ಬರುತ್ತಿದ್ದ ಚನ್ನಬಸಪ್ಪ ಎಂಬ ಸಾವಧಾನದ ಮನುಷ್ಯ ಎದ್ದು ನಿಂತು, “ಮೇಡಂ, ಬಡಾವಣಿ ಹೆಸರಿನ ಮುಂದ ಊರ ಹೆಸರು ಹಾಕೂಣ್ರಿ. ಬಸವೇಶ್ವರ ನಗರ ಅಂತ ಎಲ್ಲಾ ಊರಾಗೂ ಒಂದೊಂದು ಅದಾವು,” ಎಂದ.

ನನಗೆ ಊಟದ ಹೊತ್ತು ಮೀರಿತ್ತು. ಸಭೆ ಮುಗಿದರೆ ಸಾಕಾಗಿತ್ತು. ಅದಕ್ಕೇ ಎದ್ದು ನಿಂತು ಒಂದು ಭಾಷಣ ಮಾಡಿಬಿಟ್ಟೆ: “ನಾಲ್ಕೂ ಊರು ಒಂದು ಅಂತ ನಕಾಶಿ ಮಾಡಾಕತ್ತೇವಿ. ಮತ್ತ ನಮ್ಮೂರು ನಿಮ್ಮೂರು ಅಂತ ಬರದ್ರ ಹೆಂಗ್ರಿ? ಮನಸು ಕೂಡಬೇಕು, ಆಮ್ಯಾಲ ನಕಾಶಿ!” ಎಲ್ಲರೂ ಚಪ್ಪಾಳೆ ತಟ್ಟಿದರು. ಅವರಿಗೂ ಹಸಿದಿತ್ತೆಂದು ಕಾಣುತ್ತದೆ. ಚನ್ನಬಸಪ್ಪನ ಮಾತು ಅಲ್ಲಿಗೇ ಬಿತ್ತು; ನಕಾಶೆ ಊರಿನ ಹೆಸರಿಲ್ಲದೆಯೇ ತಯಾರಾಯಿತು.

ಇದಾದ ಮೇಲೆ ಮಗಳ ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲಿ ಆಯಿತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾಯಿತು. ಬೀಗರು ಸವಣೂರಿನವರು, ಒಂದು ಟೆಂಪೋ ತುಂಬ ಬರುತ್ತೇವೆಂದು ಹೇಳಿ ಕಳಿಸಿದ್ದರು. ಆ ದಿನ ಬೆಳಗ್ಗೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದ ನಮ್ಮ ಅತ್ತೆ ಮೂಗು ಮುಚ್ಚಿಕೊಂಡು ಒಳಗೆ ಬಂದರು. “ಶಾಂತಾ, ಹಿತ್ತಲದಾಗ ಪಾಯಖಾನಿ ಗುಂಡಿ ಉಕ್ಕಾಕತ್ತೈತಿ ನೋಡು.”

ಅಡುಗೆಯವರು ಹೋಳಿಗೆಗೆ ಹೂರಣ ರುಬ್ಬುತ್ತಿದ್ದರು. ಹೂರಣದ ಪರಿಮಳ ಮುಂಬಾಗಿಲಿಂದ, ಇನ್ನೊಂದು ವಾಸನೆ ಹಿಂಬಾಗಿಲಿಂದ, ನಡುವೆ ಬೀಗರು! ಯಜಮಾನರನ್ನು ಎಬ್ಬಿಸಿದೆ. “ಗಾಡಿ ನಿನ್ನ ಕೈಯಾಗ ಐತಲ್ಲ, ಕರಸು,” ಎಂದು ಮಗ್ಗುಲು ಬದಲಿಸಿದರು. ಹೌದಲ್ಲ ಎನಿಸಿತು. ಮೊಬೈಲಿನಲ್ಲಿಯೇ ನಕಾಶೆ ತೆರೆದು, ನಮ್ಮ ಮನೆಯ ವಿಳಾಸ ‘ಬಸವೇಶ್ವರ ನಗರ, ಮೂರನೇ ಅಡ್ಡರಸ್ತೆ’ ಎಂದು ಕಂಡದ್ದೇ ಅದರ ಮೇಲೆ ಗುರುತು ಒತ್ತಿದೆ. ಪಾಳಿಯಲ್ಲಿ ಕಾಯುತ್ತಿದ್ದವರಿಗಿಂತ ಅದನ್ನು ತುಸು ಮೇಲಕ್ಕೂ ತಳ್ಳಿದೆ. ತುಸು ಎಂದರೆ, ಎಲ್ಲರಿಗಿಂತ ಮೇಲೆ.

ಗಾಡಿ ಶಿಗ್ಗಾಂವಿಯಲ್ಲಿತ್ತು. ಅದು ಹೊರಟರೆ ತೆರೆಯ ಮೇಲೆ ಒಂದು ಹಸಿರು ಚುಕ್ಕೆ ಸರಿಯುವುದು ಕಾಣುತ್ತದೆ. ನಾನು ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಸೌಟು ಹಿಡಿದು ಅಡುಗೆಮನೆಗೂ ಬೀದಿಗೂ ತಿರುಗತೊಡಗಿದೆ. ಚುಕ್ಕೆ ಬಂಕಾಪುರದ ಹತ್ತಿರ ನಿಂತುಬಿಟ್ಟಿತು. “ನಿಂತತು ನೋಡ್ರಿ!” ಎಂದು ಕೂಗಿದೆ. “ಚಹಾ ಕುಡಿಯಾಕ ನಿಂತಿರ್ತಾನ. ನೀ ಹಂಗ ನೋಡಿದ್ರ ಅವ ಕುಡದದ್ದು ದಕ್ಕಬೇಕಲ್ಲ,” ಎಂದರು ಯಜಮಾನರು. ಅಷ್ಟರಲ್ಲಿ ಬೀಗರ ಫೋನು. ಟೆಂಪೋ ತುಂಬುತ್ತಿದೆ, ಇನ್ನೇನು ಹೊರಡುತ್ತೇವೆ ಎಂದರು.

ಕೊನೆಗೂ ಚುಕ್ಕೆ ಹಾನಗಲ್ಲಿಗೆ ಬಂತು. ನಮ್ಮ ಬೀದಿಯ ತಿರುವಿಗೆ ಬಂತು. ನಾನು ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡಿದೆ. ಗಾಡಿ ನನ್ನ ಕಣ್ಣೆದುರಿಗೇ, ಮುಖ್ಯರಸ್ತೆಯ ಮೇಲೆ, ಭರ್ರೆಂದು ಮುಂದೆ ಹೋಯಿತು! ಕೈ ಬೀಸಿದೆ. ಡ್ರೈವರ್ ದಾವಲಸಾಬನೂ ನಗುತ್ತ ಕೈ ಬೀಸಿದ. ಮೇಡಂ ತಾವಾಗಿ ಬೀದಿಗೆ ಬಂದು ಬೀಳ್ಕೊಡುತ್ತಿದ್ದಾರೆ ಎಂದುಕೊಂಡನೋ ಏನೋ.

ಫೋನು ಹಚ್ಚಿದೆ. ಎತ್ತಲಿಲ್ಲ. ಗಾಡಿ ನಡೆಸುವಾಗ ಫೋನು ಎತ್ತಬಾರದು, ದಾರಿಯಲ್ಲಿ ಯಾರನ್ನೂ ಕೇಳಬಾರದು, ನಕಾಶೆ ತೋರಿಸಿದ ಕಡೆಗಷ್ಟೇ ಹೋಗಬೇಕು ಎಂದು ಅವನಿಗೆ ತಾಕೀತು ಮಾಡಿದವಳು ನಾನೇ. ಚುಕ್ಕೆ ಅಕ್ಕಿಆಲೂರು ದಾಟಿತು. ಆಗ ನಾನು ಹಾಕಿದ ಗುರುತನ್ನು ದೊಡ್ಡದು ಮಾಡಿ ನೋಡಿದೆ. ಬಸವೇಶ್ವರ ನಗರ ಹೌದು, ಮೂರನೇ ಅಡ್ಡರಸ್ತೆಯೂ ಹೌದು. ಹಿರೇಕೆರೂರಿನದು.

ದಾವಲಸಾಬ ಫೋನು ಮಾಡಿದ್ದು ಕೆಲಸ ಮುಗಿಸಿದ ಮೇಲೆ. “ಮೇಡಂ, ಗುಂಡಿ ಪೂರಾ ಖಾಲಿ ಮಾಡೇನ್ರಿ. ಇಲ್ಲಿ ಅಜ್ಜಿ ಒಬ್ರು ಅದಾರ್ರಿ, ಬಾಳ ದಿನದಿಂದ ಕಾಯಾಕತ್ತಿದ್ರಂತ. ನಿಮ್ಮ ಕೂಡ ಮಾತಾಡ್ತಾರಂತ್ರಿ.” ಫೋನಿನಲ್ಲಿ ಒಂದು ನಡುಗುವ ದನಿ, “ಯವ್ವಾ, ನಿನ್ನ ಹೊಟ್ಟಿ ತಣ್ಣಗಿರಲಿ. ಹೇಳದ ಕೇಳದ ಗಾಡಿ ಕಳಿಸಿದಿ. ದೇವರಂಗ ಬಂದಿ,” ಎಂದಿತು. ನನ್ನ ಬಾಯಿಗೆ ಬಂದಿದ್ದ ಬೈಗುಳವನ್ನೆಲ್ಲ ನುಂಗಿಕೊಂಡು, “ಇರಲಿ ಬಿಡ್ರಿ ಅಮ್ಮಾ,” ಎಂದೆ. ಗಾಡಿ ತುಂಬಿತ್ತು, ಬರಿದು ಮಾಡಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ ಎಂದ ದಾವಲಸಾಬ.

ಬೀಗರ ಟೆಂಪೋ ಬಂಕಾಪುರ ದಾಟಿದೆ ಎಂದು ಫೋನು ಬಂತು. ನಾನು ಅಳುವುದೊಂದು ಬಾಕಿ. ಅತ್ತೆ ಎದ್ದು ಪಕ್ಕದ ಮನೆಗೆ ಹೋದರು. ಅದು ಗಂಗಕ್ಕನ ಮನೆ. ನಡುವಿನ ಗೋಡೆಯ ವಿಷಯಕ್ಕೆ ನಾನೂ ಗಂಗಕ್ಕನೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಆಕೆ ಬಂದು ಗುಂಡಿಯ ಸುತ್ತ ಸುಣ್ಣ ಚೆಲ್ಲಿಸಿದಳು, ನಮ್ಮ ಹಿಂಬಾಗಿಲಿಗೆ ಬೀಗ ಹಾಕಿಸಿದಳು, ತೊಟ್ಟಿಲನ್ನು ಮಾವಿನ ತೋರಣದ ಸಮೇತ ತನ್ನ ಪಡಸಾಲೆಗೆ ಎತ್ತಿಸಿದಳು. “ನಮ್ಮ ಪಡಸಾಲಿ ದೊಡ್ಡದೈತಿ, ಅದಕ್ಕ ಇಲ್ಲೇ ಇಟ್ಟೇವಿ ಬರ್ರಿ,” ಎಂದು ಬೀಗಿತ್ತಿಯ ಕೈ ಹಿಡಿದು ಕರೆದೊಯ್ದಳು. ಬೀಗರು ಹೋಳಿಗೆ ಉಂಡು, ಕೂಸಿನ ಕಿವಿಯಲ್ಲಿ ಹೆಸರು ಕೂಗಿ, ತಾವು ತಂದಿದ್ದ ಸವಣೂರಿನ ಖಾರಾ ತಿಂಡಿಯ ಪೊಟ್ಟಣ ಹಂಚಿ, “ನೆರೆಹೊರೆ ಅಂದ್ರ ಹಿಂಗಿರಬೇಕ್ರಿ,” ಎಂದು ಹೊಗಳಿ ಹೋದರು. ಗಂಗಕ್ಕ ನನ್ನ ಕಡೆ ನೋಡಿದಳು. ನಾನು ಹೋಳಿಗೆಯ ಕಡೆ ನೋಡಿದೆ. ಗಾಡಿ ಬಂದಾಗ ಬೀಗರ ಟೆಂಪೋ ಆಗಷ್ಟೇ ಮರೆಯಾಗಿತ್ತು.

ಮುಂದಿನ ಸಭೆಗೆ ನಾನು ಒಂದು ನಿರ್ಧಾರ ಮಾಡಿಕೊಂಡೇ ಹೋದೆ: ಬಡಾವಣೆಯ ಮುಂದೆ ಊರಿನ ಹೆಸರು ಹಾಕಿಸಬೇಕು. ಆದರೆ ಸಭೆ ಶುರುವಾಗುವ ಮೊದಲೇ ಜಿಲ್ಲೆಯ ದೊಡ್ಡ ಸಾಹೇಬರು ನನ್ನನ್ನು ವೇದಿಕೆಗೆ ಕರೆದರು. ಹಿರೇಕೆರೂರಿನ ಅಜ್ಜಿಯ ಮಗ, ದಾವಲಸಾಬನಿಂದ ನಮ್ಮ ಮನೆಯ ಸುದ್ದಿಯನ್ನೂ ಕೇಳಿಕೊಂಡು, ಅವರಿಗೆ ಎಲ್ಲ ಹೇಳಿದ್ದನಂತೆ. “ತಮ್ಮ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮ, ತಮ್ಮ ಮನೆಯ ಗುಂಡಿಯೇ ಉಕ್ಕಿ ಹರಿಯುತ್ತಿದೆ. ಆದರೂ ಮೇಡಂ ಗಾಡಿಯನ್ನು ಪಕ್ಕದ ಊರಿಗೆ ಕಳಿಸಿದರು! ನಾಲ್ಕೂ ಊರು ಒಂದು ಎಂದರೆ ಇದು,” ಎಂದು ಶಾಲು ಹೊದಿಸಿಬಿಟ್ಟರು. ಬೇಸಿಗೆಯ ಮಧ್ಯಾಹ್ನ, ಉಣ್ಣೆಯ ಶಾಲು. ನಾನು ಮೈಕಿನ ಮುಂದೆ ಹೋಗಿ, ತೊದಲುತ್ತ, ಗಾಡಿ ನಮ್ಮ ಮನೆಗೇ ಕರೆಸಿದ್ದೆ, ಕೈ ತಪ್ಪಿ ಅಲ್ಲಿಗೆ ಹೋಯಿತು ಎಂದು ಹೇಳಿದೆ. ಸಾಹೇಬರು ಮೆಚ್ಚಿ ತಲೆದೂಗಿದರು. “ನೋಡಿ, ಎಂಥ ವಿನಯ!” ಮತ್ತೆ ಚಪ್ಪಾಳೆ. ಚನ್ನಬಸಪ್ಪ ಮಾತ್ರ ಚಪ್ಪಾಳೆ ತಟ್ಟದೆ, ಊರಿನ ಹೆಸರು ಹಾಕುವ ಮಾತನ್ನು ಮತ್ತೆ ಎತ್ತಿದ. ಈ ಸಲ ನಾನು ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಯಜಮಾನರ ಬಾಯಲ್ಲಿ ಎಲೆ ಇತ್ತು. ಹೆಗಲು ಮಾತ್ರ ಕುಣಿಯಿತು. ಅತ್ತೆ ಕೇಳಿದರು, “ಖರೇ ಹೇಳಿದ್ಯೋ ಇಲ್ಲೋ?”

“ಹೇಳಿದ್ನಿರಿ ಅತ್ತಿ. ಯಾರೂ ನಂಬಲಿಲ್ಲ.”

“ಶಾಲು ತಗದಿಟ್ಟು ಹೇಳಿದ್ಯೋ, ಹೊತ್ಕೊಂಡು ಹೇಳಿದ್ಯೋ?”

ನಾನು ಕುಕ್ಕರು ನೋಡುವ ನೆವದಿಂದ ಒಳಗೆ ಹೋದೆ. ಒಲೆ ಇನ್ನೂ ಹಚ್ಚಿರಲಿಲ್ಲ.