ಮನೆ ಕಟ್ಟಲು ಮನೆ ಹುಡುಕಿದ್ದು

ಬಾಡಿಗೆ ಮನೆ ಹುಡುಕುವವರು ನಾಟಕ ನೋಡಲು ದುಡ್ಡು ಕೊಡಬೇಕಿಲ್ಲ. ಪ್ರತಿ ಬಾಗಿಲಲ್ಲೂ ಒಂದೊಂದು ಪುಕ್ಕಟೆ ನಡೆಯುತ್ತಿರುತ್ತದೆ. ಪಾಂಡವಪುರದಲ್ಲಿ ಬಟ್ಟೆ ಹೊಲಿಯುವ ನನಗೆ ಸರ್ಕಾರದ ಮನೆ ಮಂಜೂರಾದಾಗಿನಿಂದ ನಾನು ಕಂಡದ್ದಿಷ್ಟು.

ಫೋಟೊ

ನೆರವು ಕೈಗೆ ಬರಬೇಕಾದರೆ ಹಳೇ ಹೆಂಚಿನ ಮನೆ ಕೆಡವಿ, ಖಾಲಿ ಜಾಗದಲ್ಲಿ ನಿಂತು ಫೋಟೊ ತೆಗೆಸಬೇಕು. ಕೆಡವಿದೆವು. ಅವ್ವ ಮತ್ತು ನಾನು ಇಬ್ಬರೇ ನಿಂತೆವು.

ಫೋಟೊ ತೆಗೆದ ಸಾಹೇಬರನ್ನು ಕೇಳಿದೆ. "ಹೊಸ ಮನೆ ಆಗೋಗಂಟ ಎಲ್ಲಿರೋದು ಸಾರ್?"

"ಅದು ಈ ಸ್ಕೀಮಲ್ಲಿ ಬರಲ್ಲಮ್ಮ."

ಅವ್ವ ಹೇಳಿದಳು: "ಅಂಗಾದ್ರೆ ಆ ಫೋಟೊದೊಳ್ಗೇ ಇರ್ತೀವಿ ಬುಡಪ್ಪ."

ವಾಸನೆ

ಅಕ್ಕನ ಮನೆ ಪಡಸಾಲೆಯಲ್ಲಿ ಹದಿನೈದು ದಿನ ಇರಲು ಭಾವ ಒಪ್ಪಿದ್ದ. ಅಷ್ಟರೊಳಗೆ ಸೂರು ಸಿಗದಿದ್ದರೆ ಹೊಲಿಗೆ ಮೆಷಿನ್ ಸಮೇತ ಬೀದಿಯೇ ಗತಿ.

ಮೊದಲು ನೋಡಿದ ಮನೆಯ ಯಜಮಾನರು, "ಬಾಡು ಮಾಡಂಗಿಲ್ಲ, ವಾಸ್ನೆ ಬತ್ತದೆ" ಅಂದರು. ಆ ಹೊತ್ತಿಗೆ ಅವರ ಅಡುಗೆಮನೆಯಿಂದ ನಾಟಿಕೋಳಿ ಸಾರು ಘಮ್ಮೆನ್ನುತ್ತಿತ್ತು.

"ಮತ್ತೆ ಇದು?" ಅಂದೆ.

"ಇದು ನಮ್ದು" ಅಂದರು.

ಅವ್ವ ಮೂಗು ಅರಳಿಸಿ, "ಮೆಣಸು ಒಸಿ ಜಾಸ್ತಿಯಾಗದೆ. ನಾವೇನಾದ್ರೂ ಅಂದ್ವಾ?" ಎಂದು ಎದ್ದಳು.

ಗಂಡಸರು

ಕ್ಯಾತನಹಳ್ಳಿ ರಸ್ತೆಯಲ್ಲಿ ಒಂದು ಮಹಡಿ ಖಾಲಿಯಿತ್ತು. ಮನೆಯಾಕೆ ನನ್ನ ಕತ್ತು ನೋಡಿದರು, ಕಾಲ್ಬೆರಳು ನೋಡಿದರು.

"ಗಂಡ ಬುಟ್ಬುಟ್ನಾ?"

"ನಾನೇ ಬುಟ್ಟಿದ್ದು ಕಣಕ್ಕ."

ಆಕೆಗೆ ಅದು ರುಚಿಸಲಿಲ್ಲ. "ಗಂಡಸ್ರಿಲ್ದೆ ಎಂಗೆ? ನಾಳೆ ಒಂದು ಬಲ್ಬ್ ಕೆಟ್ಟೋದ್ರೆ ಯಾರು ಆಕ್ತಾರೆ?"

ತಲೆ ಎತ್ತಿ ನೋಡಿದೆ. ಅವರ ಜಗಲಿಯ ಬಲ್ಬೇ ಕೆಟ್ಟು, ಜೇಡ ಅದರ ಸುತ್ತ ಬಲೆ ಕಟ್ಟಿತ್ತು. ಅದರ ಕೆಳಗೇ ಅವರ ಯಜಮಾನರು ಕಾಲ ಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದರು.

"ನಿಮ್ಮನೇಲಿ ಯಾರಕ್ಕ ಆಕೋದು?" ಅಂದೆ. ಮನೆ ಸಿಗಲಿಲ್ಲ. ಆದರೆ ಆವತ್ತು ಊಟ ಚೆನ್ನಾಗಿ ಸೇರಿತು.

ನನ್ನ ಸರದಿ

ಹದಿನಾಲ್ಕನೇ ದಿನ ನನಗೆ ರೇಗಿಹೋಗಿತ್ತು. ನಾನೇನು ಭಿಕ್ಷೆಗೆ ಬಂದವಳಲ್ಲ, ದುಡಿದು ಬಾಡಿಗೆ ಕೊಡುವವಳು. ಅದೇ ಸಿಟ್ಟಲ್ಲಿ ಸಂತೆಮಾಳದ ಹತ್ತಿರದ ಮನೆಗೆ ಹೋದೆವು. ಒಡೆಯರು ಈಸಿ ಚೇರಿನಲ್ಲಿ ಒರಗಿ ವಿಚಾರಣೆ ಶುರುಮಾಡಿದರು. ಕುಡಿಯೋರು ಅವ್ರಾ? ಜಗಳ ಆಡ್ತೀರಾ? ನೆಂಟರು ಬಂದರೆ ಎಷ್ಟು ದಿನ ಇರ್ತಾರೆ? ಎಲ್ಲಕ್ಕೂ ಉತ್ತರ ಕೊಟ್ಟೆ.

"ಈಗ ನಾನು ಕೇಳ್ತೀನಿ" ಅಂದೆ. ಅವ್ವ ನನ್ನ ಸೆರಗು ಜಗ್ಗಿದಳು. ನಾನು ಬಗ್ಗಲಿಲ್ಲ. "ನಿಮ್ಮನೇಲಿ ಕುಡಿಯೋರು ಅವ್ರಾ?"

ಒಡೆಯರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಅವ್ರೆ ಕಣವ್ವ, ನಿನ್ನೆದುರ್ಗೇ ಕೂತವ್ರೆ."

"ಜಗಳ?"

"ದಿನಾ."

"ನೆಂಟ್ರು ಬಂದ್ರೆ?"

"ಇವ್ರ ಅಕ್ಕ ಬಂದ್ರೆ ಓಗೋದೇ ಇಲ್ಲ."

"ಒಳೀಕೋಗಮ್ಮಿ ನೀನು" ಎಂದು ಒಡೆಯರು ಗದರಿದರು. ಆಕೆ ಒಳಗೆ ಹೋಗುವ ಬದಲು ಹೊರಗೆ ಬಂದರು. ಸೊಂಟದಿಂದ ಬೀಗದಕೈ ತೆಗೆದು ನನ್ನ ಕೈಗಿಟ್ಟರು.

"ನಾಳೇನೇ ಆಲುಕ್ಕಿಸಿ ಬಂದ್ಬುಡವ್ವ. ಇಷ್ಟ್ನ ನಮ್ಮಪ್ಪ ಆವತ್ತೇ ಕೇಳಿದ್ರೆ, ನಾನು ಈ ಮನೇಗೆ ಬತ್ತಾನೇ ಇರ್ನಿಲ್ಲ."